ಏಳು ನೀರು

ಡಬ್ಬಿಯನ್ನು ತೊಳೆಯಲೆಂದು ಬಗ್ಗಿಸಿದಾಗ ತಳದಲ್ಲಿ ಏನೋ ಟಕ್ಕೆಂದು ಹೊರಳಿತು. ಸೂಹ್ಯಾಂಗ್ ಬೆರಳು ಹಾಕಿ ತೆಗೆದಳು. ಉಗುರಿನಷ್ಟಗಲದ ಚೂರು. ಹೊಂಬಣ್ಣಕ್ಕೆ ತಿರುಗಿ, ಒಂದು ಬದಿಗೆ ಗುಳ್ಳೆ ಎದ್ದಿತ್ತು. ಅದೇನೆಂದು ಗುರುತಿಸಲು ಅವಳಿಗೆ ಕನ್ನಡಕ ಬೇಕಿರಲಿಲ್ಲ. ಅರವತ್ತು ವರ್ಷ ತಿಂದಿದ್ದಾಳೆ. ಹಂದಿಯ ಕೊಬ್ಬನ್ನು ಕಾಯಿಸಿ ಎಣ್ಣೆ ಇಳಿಸುವಾಗ ಬಾಣಲೆಯಲ್ಲಿ ಉಳಿಯುವ ಗರಿಗರಿ ಚರ್ಮ.

ಹೊರಕೋಣೆಯಲ್ಲಿ ಬೀಗಿತ್ತಿ ಕಲ್ಸೋಮ್ ಮೊಮ್ಮಗಳಿಗೆ ಕಿತ್ತಳೆ ಸುಲಿದು ಕೊಡುತ್ತ ಏನೋ ಹೇಳಿ ನಗುತ್ತಿದ್ದಳು. ಮೇಜಿನ ಮೇಲೆ ಹೊಸ ವರ್ಷದ ಶಾವಿಗೆ, ಕೋಳಿ, ಹುರುಳಿಕಾಯಿ ಪಲ್ಯ ಎಲ್ಲ ಬಡಿಸಲು ಸಿದ್ಧವಾಗಿದ್ದವು. ಎಲ್ಲದರ ಮೇಲೂ ಈ ಡಬ್ಬಿಯ ಎಣ್ಣೆಯಲ್ಲಿ ಹುರಿದ ಸಣ್ಣ ಈರುಳ್ಳಿ. ಅಳಿಯ ಅಜ್ಮಾನ್ ಬಂದರಿನಿಂದ ಬರುವುದೊಂದೇ ಬಾಕಿ.

ಇವತ್ತು ಚೀನೀ ಹೊಸ ವರ್ಷದ ಎರಡನೆಯ ದಿನ, ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ದಿನ. ಮಗಳು ಯೆನ್ ಕೆಳಗೆ ಕಡಲಂಚಿನ ಮಲಯ ಕೇರಿ ಕಾಂಪೊಂಗಿನ ಹುಡುಗನನ್ನು ಮದುವೆಯಾಗಿ, ಅವರ ಧರ್ಮಕ್ಕೆ ಸೇರಿ ಐದು ವರ್ಷವಾಗಿತ್ತು. ಐದು ವರ್ಷವೂ ಎರಡನೆಯ ದಿನ ಬಂದಿದ್ದಳು. ಬಂದು ಬಾಟಲಿ ನೀರು ಕುಡಿದು, ಸುಲಿಯದ ಕಿತ್ತಳೆ ಹಿಡಿದುಕೊಂಡು ಹೋಗುತ್ತಿದ್ದಳು. ಸೂಹ್ಯಾಂಗ್‌ಳ ಗಂಡ ಟೆಕ್ ಬದುಕಿರುವವರೆಗೆ ಮನೆಯಲ್ಲಿ ಎರಡನೆಯ ಜೊತೆ ಪಾತ್ರೆ ಇಡಲು ಬಿಡಲಿಲ್ಲ. ದ್ವೀಪದ ಗುಡ್ಡದ ಮೇಲಿನ ಈ ಚೀನೀ ಕೇರಿ ಪೂನ್ ಸಾನಿನ ಅರ್ಧಕ್ಕರ್ಧ ಮನೆಗಳಲ್ಲಿ ಮಲಯ ಸ್ನೇಹಿತರಿಗೆಂದೇ ಬೇರೆ ತಟ್ಟೆ, ಬೇರೆ ಬಾಣಲೆ, ಬೇರೆ ಸೌಟು ಬಟ್ಟೆ ಸುತ್ತಿ ಕಪಾಟಿನಲ್ಲಿ ಇರುತ್ತವೆ. ಹಬ್ಬಕ್ಕೆ ಅವರು ಮೇಲೆ ಬರುತ್ತಾರೆ, ಅವರ ಹಬ್ಬಕ್ಕೆ ಇವರು ಕೆಳಗೆ ಹೋಗುತ್ತಾರೆ. "ನನ್ನ ಮಗಳೇ ನನ್ನ ತಟ್ಟೆ ಮುಟ್ಟಲ್ಲ ಅಂದ್ಮೇಲೆ ಯಾರ ತಟ್ಟೆ ಯಾಕೆ ನಮಗೆ?" ಅನ್ನುತ್ತಿದ್ದ ಟೆಕ್. ಅವನು ಸತ್ತು ಹದಿಮೂರು ತಿಂಗಳು. ಹನ್ನೆರಡನೆಯ ತಿಂಗಳಿಗೆ ಸೂಹ್ಯಾಂಗ್ ಪರ್ತ್‌ನಿಂದ ನೀಲಿ ಅಂಚಿನ ಎನಾಮಲ್ ತಟ್ಟೆಗಳನ್ನೂ ಒಂದು ಬಾಣಲೆಯನ್ನೂ ತರಿಸಿದಳು. ನಲವತ್ತು ದಿನದಿಂದ ಮನೆಯಲ್ಲಿ ಹಂದಿ ಬೇಯಿಸಿಲ್ಲ. ಮೊನ್ನೆ ರಾತ್ರಿ ಗಂಡನ ಪಟದ ಮುಂದೆ ಎಡೆ ಇಡುವಾಗಲೂ, ಅವನಿಗೆ ಪ್ರಾಣವಾಗಿದ್ದ ಹುರಿದ ಹಂದಿಮಾಂಸದ ಜಾಗದಲ್ಲಿ ಬಾತುಕೋಳಿ ಇಟ್ಟು, "ಈ ಒಂದು ಸಲ ಸುಧಾರಿಸ್ಕೊಳ್ಳಿ" ಎಂದಿದ್ದಳು.

ಇಷ್ಟೆಲ್ಲ ಒಂದೇ ಕಾರಣಕ್ಕೆ. ಸೋಮವಾರದಿಂದ ಯೆನ್‌ಗೆ ಶಾಲೆಯ ಕಚೇರಿಯಲ್ಲಿ ಕೆಲಸ. ಕಲ್ಸೋಮ್‌ಗೆ ಮಂಡಿನೋವು, ನಾಲ್ಕು ವರ್ಷದ ಮಗುವಿನ ಹಿಂದೆ ದಿನವಿಡೀ ಓಡಲಾರಳು. ಮಧ್ಯಾಹ್ನಗಳನ್ನು ಮೊಮ್ಮಗಳು ಮೆಲಾತಿ ಇಲ್ಲಿ ಕಳೆಯಬೇಕೆಂದರೆ ಇಲ್ಲಿ ಉಣ್ಣಬೇಕು. "ಮೊದಲು ಅಡುಗೆಮನೆ ನೋಡ್ತೀನಿ" ಎಂದಿದ್ದಳು ಕಲ್ಸೋಮ್. ಬೆಳಿಗ್ಗೆ ಬಂದವಳೇ ನೋಡಿದಳು ಕೂಡ. ಕಪಾಟು ತೆಗೆಸಿದಳು, ಕೋಳಿ ಪೊಟ್ಟಣದ ಮೇಲಿನ ಹಲಾಲ್ ಮುದ್ರೆಯನ್ನು ಬೆಳಕಿಗೆ ಹಿಡಿದಳು, ತಟ್ಟೆಯೊಂದನ್ನು ಮೂಗಿಗೆ ಹತ್ತಿರ ತಂದಳು. ಆಮೇಲೆ ಸೂಹ್ಯಾಂಗ್‌ಳ ಮೊಣಕೈ ಹಿಡಿದು ಹೇಳಿದಳು: "ನನ್ನ ಸ್ವಂತ ತಂಗೀನೂ ಇಷ್ಟು ನೇಮ ಮಾಡಲ್ಲ, ಬೀಗ್ರೇ. ಇನ್ನು ನಂಗೆ ಮಾತಿಲ್ಲ. ಮಗೂನ ಕಳಿಸ್ತೀನಿ."

ಆ ಮಾತಾಗಿ ಇನ್ನೂ ಎರಡು ಗಂಟೆಯಾಗಿರಲಿಲ್ಲ.

ಯೆನ್ ಸೌಟು ಕೇಳಿಕೊಂಡು ಒಳಗೆ ಬಂದಳು. "ಯಾಕಮ್ಮ ಹೀಗೆ ನಿಂತಿದ್ದೀ? ತಲೆ ತಿರುಗ್ತಿದೆಯಾ?"

ಸೂಹ್ಯಾಂಗ್ ಅಂಗೈ ಬಿಚ್ಚಿ ತೋರಿಸಿದಳು.

ಯೆನ್ ಅದನ್ನು ನೋಡಿದಳು. ಆಮೇಲೆ ಬಾಗಿಲನ್ನು ನೋಡಿದಳು. ಸದ್ದಾಗದ ಹಾಗೆ ಅದನ್ನು ಮುಚ್ಚಿದಳು. "ಎಲ್ಲಿತ್ತು?"

"ಡಬ್ಬೀಲಿ. ಪಕ್ಕದ ಫೂಂಗ್ ಅಕ್ಕನ ಮನೇದು. ಎಣ್ಣೆ ಮುಗಿದುಹೋಯ್ತು ಕಣೆ. ಹಡಗು ಬಂದಿಲ್ಲ, ಅಂಗಡೀಲಿ ಒಂದು ಬಾಟ್ಲಿ ಇಲ್ಲ. ಅವಳು ಹಿತ್ತಲಲ್ಲಿದ್ಲು. ಅಲ್ಲಿಂದ್ಲೇ, ಒಲೆ ಪಕ್ಕದ ಡಬ್ಬಿ ತಗೊಂಡು ಹೋಗು ಅಂದ್ಲು. ಎರಡಿತ್ತು."

"ಬೀಗರಿಗೆ ಅಂತ ಹೇಳ್ಲಿಲ್ವಾ?"

"ಹೇಳಿದ್ರೆ ಅವಳೇ ಬಂದು ಕೊಡ್ತಿದ್ಲು. ಅವಸರದಲ್ಲಿದ್ದೆ."

"ಕಾಯಿಸಿದಾಗ ವಾಸನೆ ಗೊತ್ತಾಗ್ಲಿಲ್ವ ನಿಂಗೆ?"

ಗೊತ್ತಾಗಿತ್ತು. ಅದೇ ತೊಂದರೆ. ಎಣ್ಣೆ ಕಾದು ಈರುಳ್ಳಿ ಬಿದ್ದೊಡನೆ ಎದ್ದ ಘಮಕ್ಕೆ ಸೂಹ್ಯಾಂಗ್‌ಳ ಭುಜಗಳು ತಾವಾಗಿಯೇ ಸಡಿಲವಾಗಿದ್ದವು. ನಲವತ್ತು ದಿನದಲ್ಲಿ ಮೊದಲ ಬಾರಿಗೆ ಈ ಮನೆಯಲ್ಲಿ ಅಡುಗೆಯ ವಾಸನೆ ಬಂತು ಅನ್ನಿಸಿತ್ತು. ಹಬ್ಬ ಅಂದರೆ ಇದು, ಇವತ್ತು ಕೈ ಕೂಡಿ ಬಂದಿದೆ ಎಂದುಕೊಂಡಿದ್ದಳು. ಹುಟ್ಟಿದಾಗಿನಿಂದ ಮೂಗಿಗೆ ಹತ್ತಿದ್ದು. ಅದನ್ನು ಬೇರೆಯೆಂದು ಗುರುತಿಸುವುದು ಹೇಗೆ?

"ಎಸೀ ಅದನ್ನ" ಎಂದಳು ಯೆನ್. ತಾಯಿಯ ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿದಳು. "ಎಸೆದು ಕೈ ತೊಳ್ಕೊ. ಬಾಯಿ ಬಿಡಬೇಡ."

"ಬಡಿಸೋದಾ?"

"ಬಡಿಸು."

"ಯೆನ್..."

"ಗೊತ್ತಿಲ್ಲದೆ ತಿಂದ್ರೆ ಪಾಪ ಇಲ್ಲಮ್ಮ. ಅವರಿಗೇನೂ ಆಗಲ್ಲ."

"ನಿಂಗೆ ಗೊತ್ತಲ್ಲ?"

"ನಾನು ಹೊಟ್ಟೆನೋವು ಅಂತೀನಿ."

"ಅಜ್ಮಾನ್?"

ಯೆನ್ ತಲೆವಸ್ತ್ರದ ಅಂಚನ್ನು ಕಿವಿಯ ಬಳಿ ಒಳಗೆ ಸೇರಿಸಿದಳು, ಅದು ಸರಿಯಾಗಿಯೇ ಇತ್ತು. "ಅವರು ಬೆಳಿಗ್ಗೆ ತಾನೇ ಒಪ್ಪಿದಾರೆ. ಐದು ವರ್ಷ, ಅಮ್ಮ. ಐದು ವರ್ಷ ನಿನ್ನ ಪರವಾಗಿ ಜಗಳ ಆಡಿದೀನಿ. ನಮ್ಮಮ್ಮ ಅಂಥವಳಲ್ಲ, ನಮ್ಮಮ್ಮ ಅಂಥವಳಲ್ಲ ಅಂತ. ಈಗ ಇದು ಹೊರಗೆ ಬಿದ್ರೆ ನಿಂಗೆ ಮೆಲಾತಿ ಇಲ್ಲ. ತಿಳ್ಕೊ. ಈ ಹೊಸ್ತಿಲು ಅವಳು ದಾಟಲ್ಲ."

"ಮಗು ತಿಂದಿದಾಳೆ" ಎಂದಳು ಸೂಹ್ಯಾಂಗ್.

"ಏನು?"

"ಆಗಲೇ ಒಳಗೆ ಬಂದಿದ್ಲು. ಈರುಳ್ಳಿ ಇನ್ನೂ ಬಿಸಿ ಇತ್ತು. ಊದಿ ಊದಿ ನಾನೇ ಬಾಯಿಗೆ ಹಾಕ್ದೆ. ಇನ್ನೂ ಬೇಕು ಅಂದ್ಲು. ಇನ್ನೂ ಒಂದು ಸಲ ಹಾಕ್ದೆ."

ಯೆನ್ ಸ್ಟೂಲಿನ ಮೇಲೆ ಕೂತಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಅವಳ ದನಿ ಸಣ್ಣಗೆ ಬಂತು: "ಹಾಗಾದ್ರೆ ಹೇಳೋ ಮಾತೇ ಇಲ್ಲ. ಆಗಿದ್ದು ಆಗಿಹೋಯ್ತು."

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಅಜ್ಮಾನ್‌ನ ದನಿ ಮೆಟ್ಟಿಲಿನಿಂದಲೇ ಶುರುವಾಯಿತು. "ಅಲೆ ಇಳೀತಿದೆ, ನಾಳೆ ಹಡಗನ್ನ ದಡಕ್ಕೆ ಕಟ್ಟಬಹುದಂತೆ! ಮೂರು ವಾರದಿಂದ ದೂರದಲ್ಲೇ ನಿಂತು ನೋಡ್ತಿದೆ, ಹೆಣ್ಣು ನೋಡೋಕೆ ಬಂದು ಒಳಗೆ ಬರೋಕೆ ನಾಚ್ಕೊಳ್ಳೋ ಗಂಡಿನ ಹಾಗೆ."

"ನೀನು ಮಾತ್ರ ನಾಚ್ಕೊಳ್ಲಿಲ್ಲ ಬಿಡು" ಎಂದಳು ಕಲ್ಸೋಮ್. "ಬೀಗ್ರೇ! ತಾಯಿ ಮಗಳು ಒಳಗೇ ಕೂತು ಎಲ್ಲಾ ಖಾಲಿ ಮಾಡ್ತಿದ್ದೀರೋ ಹೇಗೆ? ಇಲ್ಲಿ ನನ್ನ ಹೊಟ್ಟೆ ತಾಳ ಹಾಕ್ತಿದೆ!"

"ಬಂದ್ವಿ" ಎಂದಳು ಯೆನ್, ಎದ್ದು ನಿಂತು. ಮುಖದ ಮೇಲೆ ನಗು ತಂದುಕೊಂಡಳು. ಆ ನಗುವನ್ನು ಸೂಹ್ಯಾಂಗ್ ನೋಡಿದಳು. ಟೆಕ್ ಕೂಡ ಹೀಗೆಯೇ ನಗುತ್ತಿದ್ದ, ಗಣಿಯಲ್ಲಿ ಕೆಲಸ ಹೋದ ದಿನ ಮನೆಗೆ ಬಂದಾಗ. ಮಗಳು ಇನ್ನು ಇಪ್ಪತ್ತು ವರ್ಷ, ಮೂವತ್ತು ವರ್ಷ, ಈ ಮನೆಗೆ ಬಂದಾಗಲೆಲ್ಲ ಇದೇ ನಗುವನ್ನು ಹಾಕಿಕೊಂಡು ಕೂರುತ್ತಾಳೆ.

ಮೇಜಿನ ಸುತ್ತ ಎಲ್ಲರೂ ಕೂತರು. ಮೆಲಾತಿ ಕಲ್ಸೋಮ್‌ಳ ಪಕ್ಕದ ಕುರ್ಚಿಯ ಮೇಲೆ ಮಂಡಿಯೂರಿ ನಿಂತಿತ್ತು. ಕಲ್ಸೋಮ್ ಕಣ್ಣುಮುಚ್ಚಿ ಪ್ರಾರ್ಥನೆ ಹೇಳಿಕೊಂಡಳು. ಆಮೇಲೆ ಶಾವಿಗೆಯನ್ನು ಇಕ್ಕಳದಿಂದ ಎತ್ತರಕ್ಕೆ ಎತ್ತಿ, "ಕತ್ತರಿಸಬಾರದು ಅಲ್ವಾ, ಆಯುಸ್ಸು ಕಡಿಮೆಯಾಗುತ್ತೆ? ನೋಡಿ, ನಂಗೆ ನಿಮ್ಮ ಶಾಸ್ತ್ರ ಎಲ್ಲಾ ಗೊತ್ತು" ಎಂದು ನಕ್ಕು, ಮೊದಲ ತುತ್ತನ್ನು ಮಗುವಿನ ತಟ್ಟೆಗೆ ಹಾಕಹೋದಳು.

ಸೂಹ್ಯಾಂಗ್ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು. ಬಿಸಿ ಶಾವಿಗೆ ಅವಳ ಮುಂಗೈ ಮೇಲೆ ಬಿತ್ತು.

"ಅಮ್ಮಾ" ಎಂದಳು ಯೆನ್.

"ತಿನ್ನಬೇಡಿ" ಎಂದಳು ಸೂಹ್ಯಾಂಗ್. "ಇದ್ರಲ್ಲಿ ಹಂದಿ ಎಣ್ಣೆ ಇದೆ. ಈರುಳ್ಳಿ ಅದ್ರಲ್ಲೇ ಹುರಿದಿದ್ದು. ಪಕ್ಕದ ಮನೇಲಿ ತಪ್ಪು ಡಬ್ಬಿ ತಗೊಂಡು ಬಂದೆ. ಈಗ ಗೊತ್ತಾಯ್ತು. ಯೆನ್‌ದು ಏನೂ ಇಲ್ಲ ಇದ್ರಲ್ಲಿ. ನನ್ನ ತಪ್ಪು."

ಕಲ್ಸೋಮ್ ಇಕ್ಕಳವನ್ನು ನಿಧಾನವಾಗಿ ಕೆಳಗಿಟ್ಟಳು. ಬೆರಳುಗಳನ್ನು ಅಗಲಿಸಿಕೊಂಡು, ಅವು ಬೇರೆ ಯಾರದೋ ಎಂಬಂತೆ ಮೇಜಿನ ಮೇಲೆ ಬಿಟ್ಟಳು.

"ಮಗು ಏನಾದ್ರೂ ತಿಂದಿದೆಯಾ?" ಎಂದು ಕೇಳಿದಳು. ಸೂಹ್ಯಾಂಗ್‌ಳನ್ನಲ್ಲ, ಸೊಸೆಯನ್ನು.

ಯೆನ್ ತಟ್ಟೆ ನೋಡುತ್ತಿದ್ದಳು.

"ತಿಂದಿದೆ" ಎಂದಳು ಸೂಹ್ಯಾಂಗ್. "ಎರಡು ಸಲ. ನನ್ನ ಕೈಯಿಂದ."

ಕಲ್ಸೋಮ್ ಎದ್ದಳು. ಮಂಡಿಯ ನೋವಿಗೆ ಮೇಜು ಹಿಡಿಯಹೋಗಿ, ಹಿಡಿಯದೆ ಗೋಡೆಗೆ ಮೊಣಕೈ ಕೊಟ್ಟಳು. "ಅಜ್ಮಾನ್, ಎತ್ಕೊ ಮಗೂನ." ಅವನು ಎತ್ತಿಕೊಂಡ. ಮೂವರೂ ಹೊರಗೆ ನಡೆದರು. ಹೋದರು ಎಂದುಕೊಂಡಳು ಸೂಹ್ಯಾಂಗ್. ಸ್ಕೂಟರ್ ಸದ್ದಿಗೆ ಕಾದಳು. ಬದಲಿಗೆ ಅಂಗಳದ ನಲ್ಲಿಯ ಸದ್ದು ಬಂತು, ಜೊತೆಗೆ ಮಗುವಿನ ರಾಗ.

"ತೃಪ್ತಿಯಾಯ್ತಾ?" ಎಂದಳು ಯೆನ್. ಅವಳು ಅಳುತ್ತಿರಲಿಲ್ಲ. "ಮಗೂದು ಹೇಳೋದು ಏನಿತ್ತು? ಅಷ್ಟೊಂದನ್ನಾದ್ರೂ ನುಂಗಿಕೊಳ್ಳೋಕಾಗ್ಲಿಲ್ವಾ ನಿಂಗೆ?"

ಸೂಹ್ಯಾಂಗ್ ಕೈ ಮೇಲೆ ಬಿದ್ದ ಶಾವಿಗೆಯನ್ನು ಒಂದೊಂದಾಗಿ ತಟ್ಟೆಗೆ ತೆಗೆದಿಟ್ಟಳು. ಮುಂಗೈ ಉರಿಯುತ್ತಿತ್ತು.

"ಬೀಗ್ರೇ!" ಅಂಗಳದಿಂದ ಕೂಗು. ನಗೆಯಿಲ್ಲದ ದನಿ. "ಮಣ್ಣು ಬೇಕು. ಯಾರೂ ತುಳಿಯದ ಜಾಗದ್ದು. ಆ ತಟ್ಟೆ, ಬಾಣಲೆ, ಸೌಟು, ಎಲ್ಲಾ ತನ್ನಿ ಇಲ್ಲಿ."

ಸೂಹ್ಯಾಂಗ್ ಪರಂಗಿ ಗಿಡದ ಬುಡದಲ್ಲಿ ಮೇಲಿನ ಮಣ್ಣನ್ನು ಸರಿಸಿ, ಒಳಗಿನ ಕೆಂಪು ಮಣ್ಣನ್ನು ಬೊಗಸೆಯಲ್ಲಿ ತಂದಳು. ಕಲ್ಸೋಮ್ ಅದನ್ನು ಬಕೆಟ್ಟಿನಲ್ಲಿ ಕಲಸಿದಳು. ಮೊದಲು ಮಗುವಿನ ಪುಟ್ಟ ಬೆರಳುಗಳು, ಆಮೇಲೆ ತನ್ನವು, ಆಮೇಲೆ ನೀಲಿ ಅಂಚಿನ ತಟ್ಟೆಗಳು. ಅಂಗಳದ ಸಿಮೆಂಟಿನ ಮೇಲೆ ಕಾಲು ಚಾಚಿ ಕೂತು, ಮಣ್ಣುನೀರನ್ನು ತಟ್ಟೆಯ ಒಳಗೂ ಹೊರಗೂ ಸವರಿದಳು. "ಹಂದಿ ತಾಗಿದ್ದು ಶುದ್ಧ ಆಗೋಕೆ ಒಂದು ಸಲ ಮಣ್ಣು. ಆಮೇಲೆ ಆರು ಸಲ ಬರೀ ನೀರು. ನಮ್ಮಜ್ಜಿ ಹೇಳಿಕೊಟ್ಟಿದ್ದು. ಜೀವಮಾನದಲ್ಲಿ ನಾನು ಮಾಡ್ತೀನಿ ಅಂದ್ಕೊಂಡಿರ್ಲಿಲ್ಲ."

"ಕೊಡಿ, ನಾನು ಮಾಡ್ತೀನಿ" ಎಂದಳು ಸೂಹ್ಯಾಂಗ್.

"ನಿಮಗೆ ಬರಲ್ಲ. ನೀರು ಹುಯ್ಯಿರಿ."

ಸೂಹ್ಯಾಂಗ್ ಎದುರಿಗೆ ಕುಕ್ಕರಗಾಲಲ್ಲಿ ಕೂತು ಚೊಂಬಿನಿಂದ ನೀರು ಹೊಯ್ದಳು. ಕಲ್ಸೋಮ್ ಎಣಿಸಿದಳು. ಎರಡು. ಮೂರು. ತಟ್ಟೆಗಳು ಅವಳ ಕೈಯಲ್ಲಿ ತಿರುಗುತ್ತಿದ್ದವು. ಅಜ್ಮಾನ್ ಸ್ಕೂಟರಿಗೆ ಒರಗಿ ನಿಂತು, "ಅಮ್ಮ, ಇವತ್ತೇ ಆಗ್ಬೇಕಾ ಇದು? ಮನೆಗೆ ಹೋಗೋಣ" ಎಂದ. "ಹಸಿವಾದ್ರೆ ಕಿತ್ತಳೆ ತಿನ್ನು" ಎಂದಳು ಅವಳು, ತಲೆ ಎತ್ತದೆ.

ನಾಲ್ಕು. ಐದು.

"ಕಲ್ಸೋಮ್" ಎಂದಳು ಸೂಹ್ಯಾಂಗ್. ಹೆಸರು ಹಿಡಿದು ಕರೆದದ್ದು ಇದೇ ಮೊದಲು. "ಸೋಮವಾರ..."

"ನೀರು ಹುಯ್ಯಿರಿ."

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ನಗಾರಿ ಎದ್ದಿತು. ಮನೆಮನೆಗೆ ಬರುವ ಸಿಂಹ ಕುಣಿತದವರು. ಕೆಂಪು ತಲೆ, ಹಳದಿ ರೋಮದ ವೇಷದೊಳಗೆ ಇಬ್ಬರು, ಹಿಂದೆ ತಾಳ ಕುಟ್ಟುವ ನಾಲ್ವರು. ಗೇಟು ತೆರೆದೇ ಇತ್ತು. ಸಿಂಹ ತಲೆ ಕೊಡವುತ್ತ ನೇರ ಒಳಗೆ ನುಗ್ಗಿತು. ಮೆಲಾತಿ ಕಿಟಾರನೆ ಕಿರುಚಿ, ಅಪ್ಪನ ಕೈ ಬಿಡಿಸಿಕೊಂಡು ಓಡಿ ಬಂದು, ಹತ್ತಿರ ಸಿಕ್ಕ ಮಡಿಲಿಗೆ ಮುಖ ಒತ್ತಿತು. ಅದು ಸೂಹ್ಯಾಂಗ್‌ಳ ಮಡಿಲಾಗಿತ್ತು. ಅವಳು ಮಗುವನ್ನು ಮುಟ್ಟಲಿಲ್ಲ. ಎರಡೂ ಒದ್ದೆ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಹಾಗೆಯೇ ಕೂತಳು. ಕಲ್ಸೋಮ್ ನೋಡುತ್ತಿದ್ದಳು.

ಅಂಗಳದ ನಡುವೆ ಹೀಗೆ ಇಬ್ಬರು ಮುದುಕಿಯರು ಕೆಸರಿನಲ್ಲಿ ಕೂತದ್ದನ್ನು ಕಂಡು ನಗಾರಿಯವನು ಕೋಲನ್ನು ಮೇಲೆತ್ತಿದವನು ಇಳಿಸಲಿಲ್ಲ. ತಾಳಗಳೂ ನಿಂತವು.

"ಎಷ್ಟಾಗಿತ್ತು?" ಎಂದಳು ಕಲ್ಸೋಮ್.

"ಆರು ಇರಬೇಕು."

"ಇರಬೇಕು ಅಂದ್ರೆ ನಡೆಯಲ್ಲ, ಮಗು ಉಣ್ಣೋ ತಟ್ಟೆ." ಅವಳು ಚೊಂಬಿನ ನೀರನ್ನು ಪಕ್ಕಕ್ಕೆ ಚೆಲ್ಲಿ, ಬಕೆಟ್ಟಿನಲ್ಲಿ ಉಳಿದ ಮಣ್ಣನ್ನು ಮತ್ತೆ ತಟ್ಟೆಗೆ ಮೆತ್ತತೊಡಗಿದಳು. "ಮೊದಲಿಂದ."

ಸೂಹ್ಯಾಂಗ್ ಮಗುವಿನ ತಲೆಯ ಮೇಲಿನಿಂದ ಕೈ ಚಾಚಿ ನೀರು ಹೊಯ್ದಳು. ಕೆಂಪು ನೀರು ಸಿಮೆಂಟಿನ ಇಳಿಜಾರು ಹಿಡಿದು ಗೇಟಿನ ಕಡೆ ಹರಿಯಿತು. ಸಿಂಹದ ಹಳದಿ ಕಾಲುಗಳು, ಮೊದಲು ಮುಂದಿನವು, ಆಮೇಲೆ ಹಿಂದಿನವು, ಒಂದೊಂದಾಗಿ ಎದ್ದು ಅದಕ್ಕೆ ದಾರಿ ಬಿಟ್ಟವು.