ಮೇಕೆಗೆ ಎಟುಕದ ಪಟ್ಟಿ

ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಬೈರಕೂರಿನ ಆಚೆಯ ಆ ಸಣ್ಣ ಊರಿನಲ್ಲಿ ಎಲ್ಲರ ಕಣದಲ್ಲೂ ರಾಗಿ ಒಕ್ಕಣೆ. ಸೀನಪ್ಪ ಎತ್ತು ಹೂಡಿ ರೋಣಗಲ್ಲು ಸುತ್ತಿಸುತ್ತಿದ್ದ. ಹೆಂಡತಿ ಬಚ್ಚಮ್ಮ ಮೊರ ಹಿಡಿದು ಗಾಳಿಗೆ ತೂರುತ್ತಿದ್ದಳು. ದೂರದ ಯಾವುದೋ ಸೀಮೆಯಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ಊರಿಗೆ ಯುದ್ಧ ಬಂದಿರಲಿಲ್ಲ, ಲೆವಿ ಬಂದಿತ್ತು. ಮನೆಯವರ ಊಟಕ್ಕೆ, ಬಿತ್ತನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕ ರಾಗಿಯನ್ನು ಸರ್ಕಾರ ಹೇಳಿದ ಬೆಲೆಗೆ ಸರ್ಕಾರಕ್ಕೇ ಅಳೆದುಕೊಡಬೇಕು.

ಊರಿಗೆ ಸುದ್ದಿ ಸಾರುವ ತಳಾರಿ ಆಂಜಿನಪ್ಪ ಕಣದ ಅಂಚಿನಲ್ಲಿ ನಿಂತು ಕೂಗಿದ: “ಸೀನಣ್ಣಾ, ಶುಕ್ರವಾರ ಗಾಡಿ ಬರ್ತದೆ. ನಿಮ್ಮನೇದು ಒಂಬತ್ತು ಪಲ್ಲ!”

ಸೀನಪ್ಪ ಎತ್ತು ನಿಲ್ಲಿಸಿದ. ಬೆಳೆದದ್ದೇ ಹದಿನಾರು ಪಲ್ಲ. ಒಂಬತ್ತು ಹೋದರೆ ಮಳೆಗಾಲ ಹುಟ್ಟುವ ಹೊತ್ತಿಗೆ ಆರು ಜನರ ಮನೆ ಬರಿದು.

“ಒಂಬತ್ತು ಯಾವ ಲೆಕ್ಕ ಕಣಪ್ಪಾ?” ಎಂದಳು ಬಚ್ಚಮ್ಮ.

“ನಂಗೇನು ಗೊತ್ತಕ್ಕಾ? ಶಾನುಭೋಗ್ರು ಕೂಗು ಅಂದ್ರು, ಕೂಗ್ದೆ.”

ಬಚ್ಚಮ್ಮನ ತಂಗಿ ಅನಸೂಯಮ್ಮ ಮುಳಬಾಗಿಲಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುವವಳು. ಹಬ್ಬಕ್ಕೆಂದು ಬಂದವಳು ಕಣದ ಕೆಲಸಕ್ಕೆ ಸಿಕ್ಕಿಹಾಕಿಕೊಂಡಿದ್ದಳು.

“ಭಾವಾ, ಪಟ್ಟಿ ನೋಡಿದ್ರಾ?”

“ಯಾವ ಪಟ್ಟಿ?”

“ಯಾರ ಮನೇಲಿ ಎಷ್ಟು ತಲೆ, ಎಷ್ಟು ಲೆವಿ ಅಂತ ಬರೆದಿರೋದು. ಜನಕ್ಕೆ ಕಾಣೋ ಹಂಗೆ ಚಾವಡೀಲಿ ಹಾಕ್ಬೇಕು ಅಂತ ಅಮಲ್ದಾರ್ರ ಹುಕುಂ ಇದೆ. ನಾನೇ ಓದಿದೀನಿ.”

“ಅಬ್ಬೋ! ಸರ್ಕಾರದ ಕಾಗದ ಕೇಳಕ್ಕೆ ನಾವ್ಯಾರು? ಕೇಳಿದ್ರೆ ಒಂಬತ್ತು ಹನ್ನೊಂದಾಗ್ತದೆ.”

“ರಾಗಿ ಯಾರ್ದು ಭಾವಾ?”

“ನಮ್ದು.”

“ಹೊಟ್ಟೆ?”

“ಅದೂ ನಮ್ದೇ.”

“ಪಟ್ಟಿ ಮಾತ್ರ ಅವರದಾ?”

ಸೀನಪ್ಪನಿಗೆ ರೇಗಿತು. “ಶಾನುಭೋಗ್ರು ನಿಂಗೆ ಪಟ್ಟಿ ತೋರ್ಸಿದ್ರೆ ವಾರ ಪೂರ್ತಿ ಮನೆ ರಾಗಿ ನಾನೇ ಬೀಸ್ತೀನಿ, ಹೋಗು!”

ಬಚ್ಚಮ್ಮ ಮೊರ ಕೆಳಗಿಟ್ಟಳು. “ಅನಸೂಯಾ, ನೀನೇ ಸಾಕ್ಷಿ. ನಡಿಯೇ ಚಾವಡಿಗೆ.”

ಪಟ್ಟಿ ಕೇಳಿದ್ದಕ್ಕೆ ಶಾನುಭೋಗರು ಸಿಟ್ಟಾಗಲಿಲ್ಲ, ಆಶ್ಚರ್ಯಪಟ್ಟರು. “ಹಾಕಿ ಹದಿನೈದು ದಿನ ಆಯ್ತಲ್ಲಮ್ಮ” ಎಂದು ಬೆರಳು ಮೇಲೆತ್ತಿದರು. ಸೂರಿನ ತೊಲೆಯ ಪಕ್ಕದಲ್ಲಿ, ಗುಬ್ಬಿಗೂಡಿನ ಹತ್ತಿರ, ಒಂದು ಕಾಗದ ಅಂಟಿಕೊಂಡಿತ್ತು.

“ಅಷ್ಟು ಮೇಲೆ ಯಾಕೆ ಸ್ವಾಮಿ?”

“ಕೆಳಗೆ ಹಾಕಿದ್ರೆ ಅಶ್ವತ್ಥಪ್ಪನ ಮೇಕೆ ಬಿಡಬೇಕಲ್ಲ! ರಾಗಿಗಂಜೀಲಿ ಅಂಟಿಸ್ತೀನಿ, ಅದಕ್ಕೆ ಬಲು ರುಚಿ. ಈ ಊರಲ್ಲಿ ಸರ್ಕಾರದ ಹುಕುಂ ಎಲ್ಲಾ ಅರಗಿಸಿಕೊಂಡಿರೋದು ಅದೊಂದೇ.”

ಏಣಿ ಬಂತು. ಹಿಂದೆಯೇ ಬಂದಿದ್ದ ಸೀನಪ್ಪ ಹಿಡಿದುಕೊಂಡ. ಅನಸೂಯಮ್ಮ ಸೆರಗು ಸಿಕ್ಕಿಸಿ ಹತ್ತಿದಳು. ಸುದ್ದಿ ಕೇಳಿ ಊರಿನ ಅರ್ಧ ಜನ ಬಂದು ಕತ್ತು ಮೇಲೆ ಮಾಡಿ ನಿಂತರು.

“ಸೀನಪ್ಪನ ಮನೆ, ಮೂರು ತಲೆ: ಸೀನಪ್ಪ, ಹೆಂಡತಿ, ತಾಯಿ. ಅಶ್ವತ್ಥಪ್ಪನ ಮನೆ, ಎರಡು ತಲೆ...” ಓದುತ್ತ ಓದುತ್ತ ಅವಳಿಗೆ ನಗು ಬಂತು. “ಇದೇನ್ ಭಾವಾ, ಈ ಊರಲ್ಲಿ ಮೀಸೆ ಬಂದ ಹುಡುಗರೇ ಇಲ್ವಾ?”

ಸೀನಪ್ಪ ಏಣಿ ಬಿಟ್ಟೇಬಿಟ್ಟ. ಬಚ್ಚಮ್ಮ ಓಡಿಬಂದು ಹಿಡಿಯದಿದ್ದರೆ ನಾದಿನಿ ಶಾನುಭೋಗರ ಮೇಲೆ ಬೀಳುತ್ತಿದ್ದಳು.

ಅವನಿಗೆ ಈಗ ಎಲ್ಲ ನೆನಪಾಯಿತು. ಶ್ರಾವಣದಲ್ಲಿ ಶಾನುಭೋಗರು ತಲೆ ಎಣಿಸಲು ಬಂದಾಗ, ಯುದ್ಧಕ್ಕೆ ಹುಡುಗರನ್ನು ಹಿಡಿದೊಯ್ಯುತ್ತಾರೆಂದು ಊರಿಗೆ ಊರೇ ಹೆದರಿತ್ತು. ಸೀನಪ್ಪ ತನ್ನ ತಮ್ಮನನ್ನೂ ಇಬ್ಬರು ಗಂಡುಮಕ್ಕಳನ್ನೂ ಮನೆಯ ಮೂರು ಖಾಲಿ ರಾಗಿವಾಡೆಗಳೊಳಗೆ, ಆಳೆತ್ತರದ ಆ ಮಣ್ಣಿನ ಗುಡಾಣಗಳೊಳಗೆ, ಇಳಿಸಿ ಮೇಲೆ ಮೊರ ಮುಚ್ಚಿದ್ದ. ಶಾನುಭೋಗರು ಬರೆಯುತ್ತಿದ್ದಾಗ ಒಂದು ವಾಡೆ ಸೀನಿತು. “ಇಲಿ ಸ್ವಾಮಿ” ಎಂದಿದ್ದಳು ಸೀನಪ್ಪನ ತಾಯಿ ಎಲ್ಲಮ್ಮ. ಹಾಗೆ ಬಿಟ್ಟುಹೋದ ಮೂರು ತಲೆಯ ಊಟದ ರಾಗಿಯೇ ಈಗ ಲೆವಿಗೆ ಸೇರಿತ್ತು.

“ಎಣಿಕೆ ಯಾತಕ್ಕೆ ಅಂತ ನೀವಾದ್ರೂ ಹೇಳಬಾರ್ದಾ ಸ್ವಾಮಿ?” ಎಂದಳು ಬಚ್ಚಮ್ಮ.

“ನೀವಾದ್ರೂ ಕೇಳಬಾರ್ದಾ?” ಎಂದರು ಶಾನುಭೋಗರು. ಆಮೇಲೆ, “ಹೇಳಬೇಕಿತ್ತು, ನಿಜ” ಎಂದರು.

ಸೀನಪ್ಪ ಗಂಟಲು ಸರಿಮಾಡಿಕೊಂಡ. ಹುಟ್ಟಿದಾಗಿನಿಂದ ಆ ಚಾವಡಿಯಲ್ಲಿ ಅವನು ಆಡಿದ್ದು ‘ಆಗ್ಲಿ ಸ್ವಾಮಿ’ ಎಂಬ ಒಂದೇ ಮಾತು. ಈಗ ಮೊದಲ ಸಲ ಪ್ರಶ್ನೆ ಹೊರಟಿತು: “ತಪ್ಪು ಬಿದ್ದಿದ್ರೆ ತಿದ್ದಕ್ಕೆ ದಾರಿ ಉಂಟಾ ಸ್ವಾಮಿ?”

ಉತ್ತರ ಏಣಿಯ ಮೇಲಿಂದ ಬಂತು. “ಇಲ್ಲೇ ಕೊನೇಲಿ ಬರೆದಿದೆ ಭಾವಾ. ತಕರಾರು ಇರೋರು ಗುರುವಾರ ಸಂಜೆಯೊಳಗೆ ಹೇಳ್ಬೇಕಂತೆ.”

ಅಂದು ಬುಧವಾರ.

ಮರುದಿನ ಚಾವಡಿಯ ಮುಂದೆ ಊರಿನ ಹುಡುಗರೆಲ್ಲ ಸಾಲಾಗಿ ನಿಂತರು. ಶಾನುಭೋಗರು ಒಂದೊಂದು ತಲೆ ಮುಟ್ಟಿ ಬರೆದರು. ಸೀನಪ್ಪನ ಮನೆಯ ಮೂವರು ಬಂದಾಗ ಎಲ್ಲಮ್ಮನ ಕಡೆ ತಿರುಗಿ, “ನಿಮ್ಮನೆ ಇಲಿಗಳು ಚೆನ್ನಾಗಿ ಬೆಳೆದವೆ” ಎಂದರು.

“ಏಮಿ ಮಾಡೋದು ಸ್ವಾಮಿ, ರಾಗಿ ತಿನ್ನೋ ಇಲಿಗಳು” ಎಂದಳು ಮುದುಕಿ.

ಒಂಬತ್ತು ಪಲ್ಲ ಮೂರಾಯಿತು. ಹೊಸ ಪಟ್ಟಿಯನ್ನು ಎದೆಮಟ್ಟಕ್ಕೆ ಅಂಟಿಸಿದರು. ಎಲ್ಲಮ್ಮನ ಸಲಹೆಯಂತೆ ಗಂಜಿಗೆ ಬೇವಿನ ಹಿಂಡಿ ಕಲೆಸಿದ್ದರು. ಮೇಕೆ ಬಂತು, ಮೂಸಿತು, ಮುಖ ತಿರುಗಿಸಿ ಹೋಯಿತು. ಇಷ್ಟು ವರ್ಷಕ್ಕೆ ಸರ್ಕಾರದ ಹುಕುಂ ಅರಗಿಸಿಕೊಳ್ಳುವ ಸರದಿ ಊರಿನವರಿಗೆ ಬಂದಿತ್ತು.

ಶುಕ್ರವಾರ ಗಾಡಿ ಮೂರು ಪಲ್ಲ ಹೊತ್ತುಕೊಂಡು ಹೋಯಿತು. ಸೀನಪ್ಪನ ಪಂಥದ ಸಾಲ ಮಾತ್ರ ಉಳಿದಿತ್ತು. ಶನಿವಾರ ಬೆಳಿಗ್ಗೆ ಅವನು ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತ. ಕೂರುವ ಮೊದಲು ಬಾಗಿಲು ಹಾಕಿಕೊಂಡ.

ಬಚ್ಚಮ್ಮ ಬಂದು ಬಾಗಿಲನ್ನು ಪೂರ್ತಿ ತೆಗೆದಳು.

“ಲೇ, ಯಾಕೇ? ಬೀದಿ ಜನ ನೋಡ್ತಾರೆ ಕಣೇ!”

“ನೋಡ್ಲಿ ಬಿಡಿ. ಮುಚ್ಚಿಟ್ಟು ಮಾಡೋ ಕೆಲಸ ಏನದು?”

ಸೀನಪ್ಪ ಕಲ್ಲು ತಿರುಗಿಸಿದ. ಬೀದಿಯಲ್ಲಿ ಹೋಗುವವರೆಲ್ಲ ಒಂದು ಗಳಿಗೆ ನಿಂತು ಹೋದರು. ವಾರ ಮುಗಿಯುವವರೆಗೆ ಆ ಬಾಗಿಲು ಮುಚ್ಚಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಸೀನಪ್ಪನಿಗೆ ಅಂದು ಏಣಿ ಬೇಕಾಯಿತು. ನಿಮಗೆ ಇಂದು ಒಂದು ಬಿಳಿ ಹಾಳೆ ಸಾಕು. ನಿಮ್ಮೂರ ರಸ್ತೆಗೆ ಎಷ್ಟು ಹಣ ಬಂತು, ಮನೆ ಮಂಜೂರಾದವರ ಪಟ್ಟಿಯಲ್ಲಿ ಯಾರ ಹೆಸರಿದೆ, ನಿಮ್ಮ ಅರ್ಜಿ ಯಾರ ಮೇಜಿನ ಮೇಲಿದೆ, ಕೇಳಿ. ಆಯಾ ಕಚೇರಿಗೆ ಕೊಡುವ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು; ಕೊಡದಿದ್ದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಿ. ಬರೆಯಲು ಬಾರದಿದ್ದರೆ ನೀವು ಹೇಳಿದ್ದನ್ನು ಬರೆದುಕೊಳ್ಳಲು ನೆರವಾಗುವುದು ಆ ಕಚೇರಿಯವರದೇ ಕೆಲಸ.

ರಾಗಿ ನಿಮ್ಮದು, ಹೊಟ್ಟೆ ನಿಮ್ಮದು. ಪಟ್ಟಿಯೂ ನಿಮ್ಮದೇ. ನಾಳೆಯೇ ಹೋಗಿ ಕೇಳಿ.