ಚಿಕ್ಕನಿಂಗಮ್ಮನ ಓಟು

"ಒತ್ತುದ್ಯಾ ಕೂಸೆ?" ಎಂದು ಚಿಕ್ಕನಿಂಗಮ್ಮ ರಟ್ಟಿನ ಮರೆಯ ಹಿಂದೆ ನಿಂತು ಪಿಸುಗುಟ್ಟಿದಳು. ಅವಳ ಪಿಸುಮಾತು ಮತಗಟ್ಟೆಯ ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂಥದು. "ಒಲಿಗೆ ಮಿಷನ್ನು ಕಣ. ಕೆಳಗ್ಲಿಂದ ಎಲ್ಡನೇದು ಅಂತ ಏಳವ್ನ ಕೆಂಪನಂಜಪ್ಪ."

"ಅಜ್ಜಿ, ಗುರುತನ್ನ ಹಾಗೆ ಕೂಗಿ ಹೇಳಬಾರದು," ಎಂದರು ಮೇಜಿನ ಹಿಂದೆ ಕೂತಿದ್ದ ಅಧಿಕಾರಿ.

"ನಾನೇನ್ ಕಳ್ತನ ಮಾಡ್ತಿದ್ದನಾ ಸಾ?"

ಕೋಣೆ ನಕ್ಕಿತು. ಆ ನಗುವಿನ ನಡುವೆಯೇ ಮೊಮ್ಮಗಳು ಮಾಲಿನಿಯ ಬೆರಳು ಹೊಲಿಗೆ ಯಂತ್ರದ ಚಿತ್ರದ ಪಕ್ಕದಿಂದ ಮೇಲಕ್ಕೆ ಸರಿದು, ದೊಡ್ಡ ಪಕ್ಷದ ಗುರುತಿನ ಗುಂಡಿಯನ್ನು ಒತ್ತಿತು. ಯಂತ್ರ ಪೀಂ ಎಂದು ಉದ್ದಕ್ಕೆ ಕೂಗಿತು.

"ಊ ಕಣಜ್ಜಿ, ಒತ್ತಿದಿ," ಎಂದಳು.

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಮಾತು ಮುರಿದವರ ನೆರಳು ಅವರನ್ನು ಬಿಟ್ಟು ಕಾಡು ಸೇರಿಬಿಡುತ್ತಿತ್ತು. ಆ ಕಥೆಗಳನ್ನೇ ಉಂಡು ಬೆಳೆದ ಮಾಲಿನಿ ಹೊರಗೆ ಬಿಸಿಲಿಗೆ ಬಂದಾಗ ತನಗೇ ತಿಳಿಯದಂತೆ ಕಾಲ ಬುಡ ನೋಡಿಕೊಂಡಳು. ನೆರಳು ಅಲ್ಲೇ ಇತ್ತು, ಅಜ್ಜಿಯದಕ್ಕೆ ಅಂಟಿಕೊಂಡು. ಬಾಗಿಲಲ್ಲಿ ನಿಂತಿದ್ದ ಗೆಳತಿ ಪುಷ್ಪ ಅವಳ ಕೈ ಹಿಡಿದು ನೋಡಿದಳು. ಸ್ವಂತ ಓಟಿಗೆ ಎಡಗೈ ಬೆರಳಿಗೂ, ಕಣ್ಣಿಲ್ಲದ ಅಜ್ಜಿಯ ಜೊತೆಗಾತಿಯಾದ್ದಕ್ಕೆ ಬಲಗೈ ಬೆರಳಿಗೂ ಶಾಯಿ ಹಚ್ಚಿದ್ದರು. "ಎಲ್ಡ್ ಕೈಲೂ ಬಾಚ್ಕಂಡಿದ್ದೀಯಲ್ಲೇ," ಎಂದು ಪುಷ್ಪ ನಕ್ಕಳು.

ಖಾಲಿ ಬಿದ್ದ ಎಂಪಿ ಸ್ಥಾನಕ್ಕೆ ಉಪಚುನಾವಣೆ ಬಂದಾಗ ದರ್ಜಿ ಕೆಂಪನಂಜಪ್ಪ ಪಕ್ಷೇತರನಾಗಿ ನಿಂತದ್ದು ಊರಿಗೆಲ್ಲ ತಮಾಷೆಯಾಗಿತ್ತು. ಅವನ ಮನೆಯೂ ಓಟೂ ಹನೂರಿನಲ್ಲಿ. ಅಂಗಡಿ ಮಾತ್ರ ಇಲ್ಲಿ, ಲೊಕ್ಕನಹಳ್ಳಿಯಲ್ಲಿ. ಆನೆ ತುಳಿದ ಜೋಳಕ್ಕೆ ಪರಿಹಾರ ಕೇಳಲು ಕೊಳ್ಳೇಗಾಲದ ಕಚೇರಿಗಳಿಗೆ ಊರವರ ಜೊತೆ ಅಲೆದೂ ಅಲೆದೂ, ಕೊನೆಗೆ ತಾನೇ ನಿಲ್ಲುತ್ತೇನೆಂದು ನಿಂತಿದ್ದ. ಹಳೆಯ ಪದ್ಧತಿಯಂತೆ ಮನೆಮನೆಗೂ ಎಲೆ ಅಡಿಕೆ ಹಿಡಿದು ಹೋದ. ಕೈಯೊಡ್ಡಿ ಈಸಿಕೊಂಡರೆ ಮಾತು ಕೊಟ್ಟಂತೆ. ಎಲ್ಲರೂ "ಆಮ್ಯಾಕ ನೋಡವ ಬುಡಪ್ಪ" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡರು. ಚಿಕ್ಕನಿಂಗಮ್ಮ ಮಾತ್ರ ಸೆರಗೊಡ್ಡಿ ಈಸಿಕೊಂಡಳು, ಬೀದಿಯ ಎದುರಿಗೇ.

ಮಾಲಿನಿಯನ್ನು ಶಿವಕುಮಾರಸ್ವಾಮಿ ಕರೆದದ್ದು ಅದರ ಮಾರನೆಯ ದಿನ. ಊರಿನ ದೊಡ್ಡ ಜಮೀನ್ದಾರ. ದೊಡ್ಡ ಪಕ್ಷದ ಪರವಾಗಿ ಆ ಮತಗಟ್ಟೆಯ ಉಸ್ತುವಾರಿ ಅವನದೇ. "ಹನೂರಲ್ಲಿ ಒಂದು ಕಂಪ್ಯೂಟರ್ ಕೆಲಸ ಖಾಲಿ ಅದ ಕಣವ್ವ. ನಿನ್ನೆಸ್ರು ಏಳಿದ್ದೀನಿ," ಎಂದ. ಆಮೇಲೆ, ಏನೂ ಅಲ್ಲವೆಂಬಂತೆ, "ನಿಮ್ಮಜ್ಜಿ ಓಟ ಒತ್ತದು ನೀನೇ ತಾನೆ? ಆ ಟೈಲರ್‌ಗ ಹಾಕುದ್ರ ಯಾರಿಗ್ ಬಂತು. ಗೆಲ್ಲ ಕಡೀಕ್ ಒತ್ತವ್ವ." ಅಪ್ಪ ಅವ್ವ ತಾಳವಾಡಿ ಕಡೆ ಕಬ್ಬು ಕಡಿಯಲು ಹೋಗಿದ್ದರು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ಮಾಲಿನಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅವನು ಎಲೆ ಅಡಿಕೆಯನ್ನೇನೂ ಕೊಟ್ಟಿರಲಿಲ್ಲ.

ಎಣಿಕೆಯ ದಿನ ಮಧ್ಯಾಹ್ನ, ಏಜೆಂಟಾಗಿ ಎಣಿಕೆ ಕೇಂದ್ರದಲ್ಲಿದ್ದ ಊರಿನ ಹುಡುಗ ದೇವರಾಜು ಮೊಬೈಲಿನಲ್ಲಿ ಸುದ್ದಿ ಕಳಿಸಿದ. ಊರಿನ ಮತಗಟ್ಟೆಯಲ್ಲಿ ಹೊಲಿಗೆ ಯಂತ್ರಕ್ಕೆ ಸೊನ್ನೆ.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕನಿಂಗಮ್ಮನನ್ನು ದಾರಿಹೋಕರು ಬಿಡಲಿಲ್ಲ. "ಏನವ್ವ, ದರ್ಜಿ ಎಲೆ ಅಡಿಕ ಜಗ್ದು ಉಗುದ್ಬುಟ್ಟಾ?" ಎಂದ ಬಸವಣ್ಣ.

"ನಾ ಆಕಿವ್ನಿ ಕಣ್ಲಾ."

"ಆಕುದ್ರ ಎಲ್ಲೋಯ್ತು? ನೀ ಏಳ ಕಥೆಲಿ ಬತ್ತದಲ್ಲ, ಗಿಣಿ ಕಚ್ಕಂಡೋಯ್ತಾ?"

ಕಾಳು ಯಾವುದು ಸಿಪ್ಪೆ ಯಾವುದು ಎಂದು ಬೆರಳಿನಲ್ಲೇ ಅರಿಯುತ್ತಿದ್ದ ಅಜ್ಜಿ ಎರಡನ್ನೂ ಒಂದೇ ಮೊರಕ್ಕೆ ಹಾಕತೊಡಗಿದಳು. ಮಾಲಿನಿ ಒಳಗೆ ನಿಂತು ಅದನ್ನು ನೋಡುತ್ತಿದ್ದಳು. ಸೋಮವಾರದಿಂದ ಕೆಲಸಕ್ಕೆ ಬರಬಹುದೆಂದು ಬೆಳಗ್ಗೆ ತಾನೇ ಹನೂರಿನಿಂದ ಫೋನು ಬಂದಿತ್ತು.

"ಕೂಸೆ, ಅವ್ನಂಗ್ಡಿಗ ಕರ್ಕಂಡೋಗು," ಎಂದಳು ಅಜ್ಜಿ, ಮೊರ ಸರಿಸಿ.

"ಬ್ಯಾಡ ಕಣಜ್ಜಿ. ಬಿಸ್ಲು."

"ನನ್ನ ಮಾತ್ಗೆಟ್ಟೋಳು ಅಂತವರ. ಬಿಸ್ಲಂತ ಬಿಸ್ಲು."

ಕೆಂಪನಂಜಪ್ಪನ ಅಂಗಡಿಯಲ್ಲಿ ಬಟ್ಟೆ ಕೊಡಲು ಬಂದ ಇಬ್ಬರು ಹೆಂಗಸರು ಕೂತಿದ್ದರು. ಚಿಕ್ಕನಿಂಗಮ್ಮ ಹೊಸ್ತಿಲಲ್ಲೇ ನಿಂತು ಹೇಳಿದಳು: "ನಾ ಮಾತ್ ತಪ್ನಿಲ್ಲ ಕಣಪ್ಪ. ನಂಗ್ ಕಣ್ ಕಾಣಲ್ಲ, ಇವ್ಳ ಕೈಲಿ ಒತ್ತಿಸ್ದಿ. ಬೇಕಾರ ಕೇಳು, ಇಲ್ಲೇ ಅವ್ಳ. ಏಳ್ ಕೂಸೆ."

ಕೆಂಪನಂಜಪ್ಪ ತಲೆಯೆತ್ತಿದ. ಮಾಲಿನಿ ನೆಲ ನೋಡಿದಳು. ನೆಲದ ತುಂಬ ಬಣ್ಣಬಣ್ಣದ ಚಿಂದಿ. ಹೇಳಬೇಕು, ಈಗಲೇ, ಎಂದುಕೊಂಡಳು. ಯಾವ ಮಾತಿನಿಂದ ಶುರು ಮಾಡುವುದೆಂದು ಹುಡುಕುತ್ತ ನಿಂತೇ ಇದ್ದಳು. ದರ್ಜಿ ಅವಳನ್ನು ಇನ್ನೊಂದು ಗಳಿಗೆ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ತನ್ನದೇ ತಪ್ಪನ್ನು ಯಾರೋ ಕಂಡುಬಿಟ್ಟರೇನೋ ಎಂಬಂತೆ ಅವನೇ ಕಣ್ಣು ತಪ್ಪಿಸಿದ.

"ಒಂದ್ ಬಂದದ ಕಣವ್ವ," ಎಂದ. "ಆ ದೇವರಾಜು ಸರ್ಯಾಗ್ ನೋಡಿಲ್ಲ. ನಂಗೇ ಏಳುದ್ರು. ನಿಮ್ಮೂರಿಂದ ಒಂದದ."

ಅಜ್ಜಿಯ ಮುಖ ಅರಳಿತು. ಹೆಂಗಸರಿದ್ದ ಕಡೆಗೆ ತಿರುಗಿ, "ಕೇಳ್ಸ್ಕಂಡ್ರ?" ಎಂದಳು. "ಅದು ನಂದು."

"ನಿಂದೇ ಕಣವ್ವ."

"ಅಣ್ಣ," ಎಂದಳು ಮಾಲಿನಿ, ಸ್ವರ ಒಡೆದು.

ಕೆಂಪನಂಜಪ್ಪ ಥಟ್ಟನೆ ಮೆಷಿನ್ನು ತುಳಿದ. ಆ ಸದ್ದಿನಲ್ಲಿ ಅವಳ ಉಳಿದ ಮಾತು ಬಾಯಲ್ಲೇ ನಿಂತಿತು. ಸೂಜಿ ಬಟ್ಟೆಯ ಅಂಚಿಗೆ ಬಂದು ನಿಂತಾಗ ಅವನು ತಲೆಯೆತ್ತದೆಯೇ ಗೂಟದ ಮೇಲಿದ್ದ ಪೊಟ್ಟಣ ತೋರಿಸಿದ. "ನೀ ಒಲಿಯಾಕ ಕೊಟ್ಟಿದ್ದ ಚೂಡಿದಾರ ಆಗದ ತಕ್ಕೊ. ಕೆಲಸಕ್ಕೋಗೋಳಂತ ಹನೂರಲ್ಲಿ ಅಂದ್ರು, ತೋಳು ಒಸಿ ಸಡ್ಲಾಗಿಟ್ಟಿದ್ದೀನಿ."

ಪೇಪರಿನಲ್ಲಿ ಸುತ್ತಿದ ಪೊಟ್ಟಣವನ್ನು ಕಂಕುಳಿಗೆ ಒತ್ತಿಕೊಂಡು ಮಾಲಿನಿ ಹೊರಗೆ ಬರುವಷ್ಟರಲ್ಲಿ ಅಜ್ಜಿ ಅವಳ ಕೈಗೆ ಕಾಯದೆ, ಗೋಡೆ ಸವರಿಕೊಂಡು ಆಗಲೇ ಮುಂದೆ ಹೋಗಿದ್ದಳು. ಅದೇ ಬೀದಿಯ ಶಿವರತ್ನಮ್ಮನ ಮನೆಯ ಮುಂದೆ ನಿಂತು ಒಳಗೆ ಯಾರಿದ್ದೀರಿ ಎಂದು ಕೂಗಿದಳು. ಬಾಗಿಲು ತೆರೆಯಿತು. ಅಜ್ಜಿ ಮಾತಾಡತೊಡಗಿದಳು, ಒಂದು ಬೆರಳನ್ನು ನೆಟ್ಟಗೆ ಮೇಲಕ್ಕೆತ್ತಿ. ಕೇಳುತ್ತಿದ್ದ ಶಿವರತ್ನಮ್ಮನ ಕಣ್ಣು ಅಜ್ಜಿಯ ಭುಜದ ಮೇಲಿಂದ ಹಾದು, ಬೀದಿಯ ನಡುವೆ ನಿಂತುಬಿಟ್ಟಿದ್ದ ಮಾಲಿನಿಯ ಮೇಲೆ ಬಂದು ಕೂತಿತು.