ಒಂಬತ್ತನೇ ಪಾಠದ ಅಂಗಿಗಳು

ಜಯನಗರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದ ಸೇತುರಾಮ ಮೇಷ್ಟ್ರಿಗೆ ಒಂದು ಚಾಳಿಯಿತ್ತು. ದಿನಕ್ಕೊಂದು ತಪ್ಪು ಮಾಡದೆ ಅವರು ಕ್ಲಾಸಿನಿಂದ ಹೊರಗೆ ಬರುತ್ತಿರಲಿಲ್ಲ. ಬೇಕೆಂದೇ ಮಾಡುವ ತಪ್ಪು. ಕೂಡಿಸುವ ಕಡೆ ಗುಣಿಸಿ, ಏನೂ ಅರಿಯದವರ ಹಾಗೆ ಮುಂದೆ ಹೋಗಿಬಿಡುವರು. ಹಿಡಿದವರಿಗೆ ಅವತ್ತಿನ ಹಾಜರಿ ಕರೆಯುವ ಅಧಿಕಾರ. ಹೀಗಾಗಿ ನಿದ್ದೆ ಮಾಡಲೆಂದೇ ಬಂದವರೂ ಅವರ ಕ್ಲಾಸಿನಲ್ಲಿ ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದರು. ಇಪ್ಪತ್ತೆರಡು ವರ್ಷ ಈ ಆಟ ಸುಸೂತ್ರವಾಗಿ ನಡೆಯಿತು.

ಎರಡು ಸಾವಿರದ ಏಳರಲ್ಲಿ ವಿಶ್ವವಿದ್ಯಾಲಯದವರಿಗೆ ಒಂದು ಒಳ್ಳೆಯ ಬುದ್ಧಿ ಬಂತು. ಆಯ್ದ ಮೇಷ್ಟ್ರುಗಳ ಪಾಠಗಳನ್ನು ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಹಾಕುವುದು. ಯಾರು ಬೇಕಾದರೂ ನೋಡಬಹುದು, ಸಿ.ಡಿ. ಮಾಡಿ ಹಂಚಬಹುದು, ಫೀಸಿಲ್ಲ, ಅಪ್ಪಣೆ ಕೇಳಬೇಕಾಗಿಲ್ಲ. ಸೇತುರಾಮರ ಹದಿನಾಲ್ಕು ಪಾಠಗಳು ತಯಾರಾದವು. ಚಾಳಿ ಬಿಡಲಾದೀತೇ? ಮೊದಲ ಪಾಠದಲ್ಲೇ ಅವರು, ಪ್ರತಿ ಪಾಠದಲ್ಲೂ ಒಂದು ತಪ್ಪಿದೆ, ಹಿಡಿದವರು ನನಗೆ ಬರೆಯಿರಿ ಎಂದು ಮನೆಯ ವಿಳಾಸ ಕೊಟ್ಟರು. ರಾಯಚೂರಿನಿಂದ, ಕೋಲಾರದಿಂದ ಕಾಗದಗಳು ಬಂದವು. ಎಂದೂ ಮುಖ ನೋಡದ ಮಕ್ಕಳು ತನ್ನ ಪಾಠ ಕೇಳುತ್ತಿದ್ದಾರೆಂದು ಮೇಷ್ಟ್ರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಆದರೆ ಮೊದಲ ಪಾಠ ನೋಡುವಷ್ಟು ತಾಳ್ಮೆ ಎಲ್ಲರಿಗೂ ಎಲ್ಲಿರುತ್ತದೆ? ಯಾರೋ ನೇರವಾಗಿ ಏಳನೆಯದನ್ನು ನೋಡಿ, ಈ ಮೇಷ್ಟ್ರಿಗೆ ಭಾಗಾಕಾರ ಬರುವುದಿಲ್ಲ ಎಂದು ಯೋಜನೆಯ ಸಮಿತಿಗೆ ದೂರು ಬರೆದರು. ಸಮಿತಿಯ ಅಧ್ಯಕ್ಷ ಗೌರೀಶಂಕರ ಸಂಖ್ಯಾಶಾಸ್ತ್ರದ ಹಿರಿಯ ಪ್ರೊಫೆಸರು, ತಾವೂ ಹನ್ನೆರಡು ಪಾಠ ಮಾಡಿದವರು, ನಗುವನ್ನು ರಜೆಯ ದಿನಕ್ಕೆಂದು ಎತ್ತಿಟ್ಟುಕೊಂಡ ಮನುಷ್ಯ. ಸೇತುರಾಮರನ್ನು ಕರೆಸಿ, ಇಲ್ಲಿ ಯಾರು ಎಲ್ಲಿಂದ ಬೇಕಾದರೂ ನೋಡಲು ಶುರುಮಾಡಬಹುದು, ನಿಮ್ಮ ಆಟ ಇಲ್ಲಿ ನಡೆಯದು ಎಂದರು. ಬೇಕೆಂದೇ ಮಾಡಿದ ತಪ್ಪುಗಳ ಪಟ್ಟಿಯನ್ನು ಸೋಮವಾರ ತರಬೇಕು. ಬೇಕೆಂದು ಮಾಡದ ಒಂದೇ ಒಂದು ತಪ್ಪು ಸಿಕ್ಕರೂ ಹದಿನಾಲ್ಕನ್ನೂ ತೆಗೆದುಹಾಕುತ್ತೇವೆ ಎಂದು ಷರತ್ತು ಹಾಕಿದರು.

ಸೇತುರಾಮರು ಮೀಸೆಯಡಿಯಲ್ಲೇ ನಕ್ಕರು. ತಾನು ಹಾಕಿದ ತಪ್ಪು ತನಗೆ ಗೊತ್ತಿಲ್ಲವೇ? ಶನಿವಾರ ಸಂಜೆ ಊಟದ ಮೇಜಿನ ಮೇಲೆ ಪಟ್ಟಿ ಸಿದ್ಧವಾಯಿತು. ಅದರ ಮಸಿ ಆರುವ ಮೊದಲೇ ಹೆಂಡತಿ ವಾರಿಜಾ ಅವತ್ತಿನ ಟಪಾಲು ತಂದಿಟ್ಟರು. ಅದರಲ್ಲಿ ಭಾಗ್ಯಜ್ಯೋತಿ ಎಂಬಾಕೆಯ ಕಾಗದವಿತ್ತು. ಬಾದಾಮಿ ಕಡೆಯವಳು, ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆ ಕೋಣೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿದ ಅಂಗಿಗಳನ್ನು ಚೆಕ್ ಮಾಡುವ ಕೆಲಸ, ಕರೆಸ್ಪಾಂಡೆನ್ಸಿನಲ್ಲಿ ಬಿ.ಕಾಂ. ಹದಿನಾಲ್ಕೂ ತಪ್ಪುಗಳನ್ನು ಸಾಲಾಗಿ ಬರೆದಿದ್ದಳು. ಹದಿಮೂರು ಪಟ್ಟಿಗೆ ಸರಿಯಾಗಿ ತಾಳೆಯಾದವು. ಒಂಬತ್ತನೆಯದು ಮಾತ್ರ ಬೇರೆಯಿತ್ತು.

ಒಂಬತ್ತನೇ ಪಾಠದಲ್ಲಿ ಅಂಗಿಗಳ ಲೆಕ್ಕವಿತ್ತು. ನೂರಕ್ಕೆ ಐದು ಅಂಗಿ ಕೆಟ್ಟವು. ರಾಶಿಯ ಮೇಲಿನ ಹತ್ತನ್ನು ತೆಗೆದು ನೋಡಿದರೆ ಎಲ್ಲವೂ ಚೆನ್ನಾಗಿರುವ ಸಾಧ್ಯತೆ ಎಷ್ಟು? ಮೇಷ್ಟ್ರು ಬೇಕೆಂದೇ ದಶಾಂಶದ ಚುಕ್ಕೆ ಸರಿಸಿದ್ದರು. ಅವಳು ಚುಕ್ಕೆಯ ಸುದ್ದಿಗೇ ಹೋಗಿರಲಿಲ್ಲ. ಮೇಲಿನ ಹತ್ತು ಅಂಗಿ ತೆಗೆದದ್ದೇ ತಪ್ಪು ಎಂದು ಬರೆದಿದ್ದಳು.

ಮೇಷ್ಟ್ರು ಅದನ್ನು ನಾಲ್ಕು ಸಲ ಓದಿದರು. ಆಮೇಲೆ ಕುರ್ಚಿಗೆ ಒರಗಿದರು. ಅವಳು ಹೇಳಿದ್ದು ನಿಜ. ಕಾಗದ ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಯಿತು. ವಾರಿಜಾ ವಿಷಯ ಕೇಳಿ, ಅದನ್ನೂ ಬೇಕೆಂದೇ ಹಾಕಿದ್ದು ಅಂತ ಬರೆದುಬಿಡಿ, ಇಷ್ಟು ತಪ್ಪಿನ ನಡುವೆ ಒಂದು ಸುಳ್ಳು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಸಲಹೆ ಕೊಟ್ಟು ಒಳಗೆ ಹೋದರು. ಸಲಹೆ ಕೆಟ್ಟದ್ದೇನಲ್ಲ ಎಂದು ಮೇಷ್ಟ್ರಿಗೂ ಅನ್ನಿಸಿತು. ಆದರೂ ಅವಳ ಬಾಯಿಂದಲೇ ಒಮ್ಮೆ ಕೇಳಬೇಕೆನ್ನಿಸಿ, ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿ, ನಾಳೆ ಮನೆಗೆ ಬರಲಾದೀತೇ ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ಭಾಗ್ಯಜ್ಯೋತಿ ಬಂದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ನೋಟ್‌ಬುಕ್ಕು. ಉಪ್ಪಿಟ್ಟಿನ ತಟ್ಟೆಯನ್ನು ಬದಿಗಿಟ್ಟು ವಿವರಿಸಿದಳು.

"ಅಂಗಿ ಬಂಡಲ್‌ನಾಗ ಬರ್ತಾವ್ರಿ ಸರ. ಒಂದು ಮಷೀನಿನ ಸೂಜಿ ಕೆಟ್ಟಿತ್ತಂದ್ರ ಆ ಬಂಡಲ್ ಪೂರ್ತಿ ಕೆಡತೈತಿ. ಮೇಲಿನ ಹತ್ತು ಒಂದ ಬಂಡಲಿನವು. ಹತ್ತೂ ಚಲೋ ಇರ್ತಾವ, ಇಲ್ಲಾ ಹತ್ತೂ ಕೆಟ್ಟಿರ್ತಾವ. ಬ್ಯಾರೆ ಬ್ಯಾರೆ ಬಂಡಲಿನಿಂದ ಒಂದೊಂದು ತೆಗೀಬೇಕ್ರಿ. ಇದು ಭಾಳ ಸರಳ ತಪ್ಪಿತ್ರಿ ಸರ. ಉಳಿದವನ್ನ ಹುಡುಕೂದ್ರಾಗ ತಲಿ ಬಿಸಿ ಆತು."

ಭಾಳ ಸರಳ! ಇಪ್ಪತ್ತೆರಡು ವರ್ಷ, ಸಾವಿರಾರು ಮಕ್ಕಳು, ಒಬ್ಬರಿಗೂ ಹೊಳೆಯದ್ದು. ಮೇಷ್ಟ್ರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಆಶ್ಚರ್ಯವೆಂಬಂತೆ, ಖುಷಿಯಾಯಿತು.

"ಅದು ನಾನು ಬೇಕಂತ ಹಾಕಿದ್ದಲ್ಲಮ್ಮ," ಅಂದರು. "ನನಗೆ ಗೊತ್ತೇ ಇರ್ಲಿಲ್ಲ."

ಅವಳ ಮುಖ ಸಣ್ಣದಾಯಿತು. "ಹಂಗಾರ ನಂದು ಹದಿಮೂರ ಸರಿ ಏನ್ರಿ?"

ಇಲ್ಲ, ಹದಿನಾಲ್ಕೂ ಸರಿ, ಅದರಲ್ಲೂ ಒಂಬತ್ತನೆಯದಕ್ಕೆ ಹತ್ತರಷ್ಟು ಮಾರ್ಕು ಎಂದು ಮೇಷ್ಟ್ರು ನಕ್ಕರು. ಅವಳು ಹೋದ ಮೇಲೆ ಪಟ್ಟಿಯಲ್ಲಿ ಒಂಬತ್ತನೆಯದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು.

ಸೋಮವಾರ ಸಮಿತಿಯ ಕೋಣೆಯಲ್ಲಿ ಗೌರೀಶಂಕರರು ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಒಂಬತ್ತಕ್ಕೆ ಬಂದು ನಿಂತರು. ಇದಕ್ಕೆ ಮಾತ್ರ ಎರಡು ಯಾಕೆ ಎಂದು ಕೇಳಿದರು. ಒಂದು ನಾನು ಹಾಕಿದ್ದು, ಇನ್ನೊಂದು ನನಗೇ ತಿಳಿಯದೆ ಇದ್ದದ್ದು ಎಂದು ಸೇತುರಾಮರು ಬಂಡಲಿನ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಹದಿನಾಲ್ಕೂ ಪಾಠ ಹೋದ ಹಾಗೇ ಎಂದುಕೊಂಡರು.

ಗೌರೀಶಂಕರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಅಂಗಿ ಲೆಕ್ಕ ನನ್ನ ಆರನೇ ಪಾಠದಲ್ಲೂ ಇದೆ ಕಣ್ರೀ," ಅಂದರು. "ನಾನೂ ಮೇಲಿನ ಹತ್ತೇ ತೆಗೆದಿದ್ದೀನಿ."

ಉಳಿದ ಸದಸ್ಯರು ಏಕಕಾಲಕ್ಕೆ ಕಾಫಿ ಲೋಟ ಎತ್ತಿಕೊಂಡರು. ಷರತ್ತಿನ ಮಾತು ಯಾರೂ ಎತ್ತಲಿಲ್ಲ. ತಪ್ಪಿನ ಪಟ್ಟಿಯನ್ನು ಪ್ರತಿ ಪಾಠದ ಕೆಳಗೆ ಹಾಕುವುದು, ಅಂಗಿಯ ಲೆಕ್ಕ ಇರುವ ಎರಡು ಪಾಠಗಳನ್ನು ಹೊಸದಾಗಿ ಮಾಡುವುದು ಎಂದು ತೀರ್ಮಾನವಾಯಿತು.

ಬಾಗಿಲ ತನಕ ಬಂದ ಗೌರೀಶಂಕರರು ದನಿ ತಗ್ಗಿಸಿ, "ಆ ಹುಡುಗಿ ನಂಬರ್ ಕೊಡಿ," ಅಂದರು. "ನನ್ನ ಇನ್ನೂ ಹನ್ನೊಂದು ಪಾಠ ಇವೆ. ಒಂದ್ಸಲ ನೋಡ್ಲಿ."

"ಆರು ಗಂಟೆ ಮೇಲೆ ಮಾಡಿ ಸಾರ್, ಅಲ್ಲೀವರೆಗೂ ಡ್ಯೂಟಿ ಇರುತ್ತೆ," ಅಂದರು ಸೇತುರಾಮರು. "ಮುಂದಿನ ಭಾನುವಾರ ಮಾತ್ರ ಕರೀಬೇಡಿ. ಅವತ್ತು ಹೊಸ ಒಂಬತ್ತನೇ ಪಾಠ ಅವರೇ ಮಾಡ್ತಾರೆ."

ಇದನ್ನು ಅವರು ಭಾಗ್ಯಜ್ಯೋತಿಗೆ ಇನ್ನೂ ಹೇಳಿರಲಿಲ್ಲ.